ತಂಗಿ ಸುತ್ತಿ ಬರುವವರೆಗೆ

ಟೈಲರ್ ಅಕ್ಕ ಮತ್ತು ಅವಳ ತಂಗಿ ವಾದ್ಯಗೋಷ್ಠಿಯಲ್ಲಿ ಮರದ ಪಟ್ಟಿಗಳ ವಾದ್ಯದ ಮೇಲೆ ಕೋಲುಗಳಿಂದ ಒಂದೇ ಪುಟ್ಟ ಸ್ವರಮಾಲೆಯನ್ನು ಮತ್ತೆ ಮತ್ತೆ ಬಾರಿಸುತ್ತಿದ್ದರು. "ಹಾಡಿದ್ದೇ ಹಾಡೋ ಕಿಸಬಾಯಿ ದಾಸರು," ಎಂದು ಅಕ್ಕನ ಗಂಡ ಅಣಕಿಸುತ್ತಿದ್ದ. ಕಿವಿಯಿದ್ದೂ ಕಿವುಡ. ಅಕ್ಕ ಒಂದೇ ಲಯಕ್ಕೆ ಅಂಟಿಕೊಂಡಿರಬೇಕು, ತಂಗಿ ತುಸು ಬೇಗ ಬಾರಿಸುತ್ತ ಕೂದಲೆಳೆಯಷ್ಟೇ ಮುಂದೆ ಸರಿಯುತ್ತ ಹೋಗಬೇಕು. ಆಗ ಇಬ್ಬರ ನಡುವಿನಿಂದ, ಯಾರೂ ನುಡಿಸದ ಮೂರನೆಯ ರಾಗವೊಂದು ಏಳುತ್ತಿತ್ತು. ತಂಗಿ ಸ್ವರಮಾಲೆಯ ಪೂರ್ತಿ ಒಂದು ಸುತ್ತು ಮುಂದೆ ಹೋಗಿ ಬಂದು ಮತ್ತೆ ಅಕ್ಕನ ಲಯವನ್ನು ಕೂಡಿಕೊಂಡ ಮೇಲೆಯೇ ಇಬ್ಬರೂ ಕೋಲು ಕೆಳಗಿಡುವುದು.

ಜ್ವರದಲ್ಲಿ ತಂಗಿ ತೀರಿಕೊಂಡಳು. ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿ, ಅಕ್ಕ ತನ್ನ ಪಾಲನ್ನಷ್ಟೇ ಬಾರಿಸುತ್ತ ಕೂತಳು. ಮೂರನೆಯ ರಾಗ ಏಳಲಿಲ್ಲ. ಗಂಡ ಮೆಲ್ಲಗೆ ಪಕ್ಕದಲ್ಲಿ ಬಂದು ಕೂತ.

"ಸಾಕು, ನಿಲ್ಸು."

ಅಕ್ಕ ಲಯ ಬಿಡಲಿಲ್ಲ.

"ಹೇಗೆ ನಿಲ್ಲಿಸ್ಲಿ? ಅವಳಿನ್ನೂ ಸುತ್ತಿ ಬಂದಿಲ್ಲ."