ಜಾರಿದ ಗುರುತು ಕಂಡ ಹೌಕಲ ಮೇಷ್ಟ್ರು

ಸುಪೀರಿಯರ್ ಸರೋವರದ ದಂಡೆಯ ನಮ್ಮ ವೃತ್ತಿಶಾಲೆಯಲ್ಲಿ ಮೂವತ್ತೊಂದು ವರ್ಷ ವಾಹನ ದುರಸ್ತಿ ಕಲಿಸಿ ಈ ಜೂನ್‌ನಲ್ಲಿ ನಿವೃತ್ತರಾಗುತ್ತಿರುವ ಶ್ರೀ ಅರ್ವಿಡ್ ಹೌಕಲ ಅವರು, ಹಳೆಯ ಎಂಜಿನ್ನುಗಳ ರೋಗ ಹಿಡಿಯುವುದರಲ್ಲಿ ಈ ಸೀಮೆಗೇ ಹಿರಿಯರು. ಸೆನ್ಸರ್ ದೂರು ಕೊಟ್ಟಿತೆಂದು ಸೆನ್ಸರನ್ನೇ ಕಿತ್ತೆಸೆಯುವ ಆತುರದ ನಡುವೆ, ಅದು ಯಾಕೆ ದೂರುತ್ತಿದೆ ಎಂದು ಕೇಳುವ ವ್ಯವಧಾನವನ್ನು ನೂರಾರು ವಿದ್ಯಾರ್ಥಿಗಳಿಗೆ ಕಲಿಸಿದವರು. ನನಗೆ ಮಾತ್ರ ಅದು ಪೂರ್ತಿ ಬರಲಿಲ್ಲ. ಇದನ್ನು ಬರೆಯಲು ಕುಳಿತು ಮೂರು ಸಲ ಎದ್ದುಹೋಗಿದ್ದೇನೆ.

ನಾನು ಸೇರಿದ ವರ್ಷ ನನ್ನ ಬೂಟು ಹರಿದದ್ದನ್ನು ಕಂಡು, ಯಾರಿಗೂ ತಿಳಿಯದಂತೆ ಹೊಸ ಜೋಡಿಯನ್ನು ನನ್ನ ಲಾಕರಿನಲ್ಲಿಟ್ಟವರು ಅವರು. ಆದರೆ ನಮ್ಮ ಕೈಯ ಸ್ಪ್ಯಾನರನ್ನು ಒಮ್ಮೆಯೂ ಇಸಿದುಕೊಂಡವರಲ್ಲ. ತಪ್ಪನ್ನು ಮಾಡಿದವರೇ ಕಂಡುಹಿಡಿಯಬೇಕೆಂಬುದು ಅವರ ವ್ರತ. ಆ ವ್ರತ ಒಂದು ಸಲ ನಮ್ಮಿಬ್ಬರನ್ನೂ ಕೆಡವಿತು. ಅದನ್ನು ಮುಚ್ಚಿಟ್ಟು ಅವರನ್ನು ಹೊಗಳುವುದು ನನ್ನಿಂದಾಗದು.

ನನ್ನ ಕೊನೆಯ ವರ್ಷದ ಫೆಬ್ರವರಿ. ರೋಗಿಗಳನ್ನು ಎಪ್ಪತ್ತು ಮೈಲಿ ದೂರಕ್ಕೆ ಡಯಾಲಿಸಿಸ್‌ಗೆ ಒಯ್ಯುತ್ತಿದ್ದ ಊರಿನ ಹಳೆಯ ವ್ಯಾನಿಗೆ ಎಂಜಿನ್ನಿನ ಭಾಗಗಳನ್ನು ಒಂದೇ ತಾಳದಲ್ಲಿ ತಿರುಗಿಸುವ ಟೈಮಿಂಗ್ ಬೆಲ್ಟನ್ನು ಪುಲ್ಲಿಯ ಮೇಲಿನ ಗುರುತಿಗೆ ಹೊಂದಿಸಿ ಬದಲಿಸಿದವಳು ನಾನೇ. ಆಮೇಲೆ ಎಂಜಿನ್ ನಡುಗತೊಡಗಿತು, ಎಚ್ಚರಿಕೆಯ ದೀಪ ಹತ್ತಿತು, ದೋಷ ಓದುವ ಸ್ಕ್ಯಾನರ್ ಕ್ಯಾಮ್ ಸೆನ್ಸರಿನ ಹೆಸರು ಹೇಳಿತು. ಬದಲಿಸಿದೆ, ಮತ್ತೆ ಹತ್ತಿತು. ಕ್ರ್ಯಾಂಕ್ ಸೆನ್ಸರನ್ನೂ ಬದಲಿಸಿದೆ, ಮತ್ತೂ ಹತ್ತಿತು. ಮರುದಿನ ಬೆಳಿಗ್ಗೆ ಮೇಷ್ಟ್ರು ಬಂದು ಕ್ರ್ಯಾಂಕಿನ ತುದಿಯ ಆ ಪುಲ್ಲಿಯನ್ನು ಒಂದು ನಿಮಿಷ ನೋಡಿ, "ನಾಳೆ ಇನ್ನೊಂದ್ಸಲ ನೋಡಮ್ಮ" ಎಂದಷ್ಟೇ ಹೇಳಿ ತರಗತಿಗೆ ಹೋದರು.

ಅಷ್ಟರಲ್ಲಿ ವ್ಯಾನಿನ ಚಾಲಕ ಲೈಲ್ ಬಂದು ತಲೆಯ ಮೇಲೆ ನಿಂತ. "ಇನ್ನೂ ಎಷ್ಟೊತ್ತು ಇದರ ಹೊಟ್ಟೆ ಬಗೀತೀಯ? ಬೋಡಿನ್ ಅಜ್ಜಿ ಕೋಟು ಹಾಕ್ಕೊಂಡು ಬಾಗಿಲಲ್ಲೇ ಕೂತಿದಾರೆ."

ಸ್ಕ್ಯಾನರಿನಿಂದ ದೂರನ್ನು ಅಳಿಸಿದೆ. "ದೀಪ ಆರಿತಲ್ಲ, ತಗೊಂಡ್ಹೋಗು" ಎಂದು ಕೀಲಿ ಕೊಟ್ಟುಬಿಟ್ಟೆ.

ನಲವತ್ತನೆಯ ಮೈಲಿಯ ಏರಿನಲ್ಲಿ ವ್ಯಾನ್ ನಿಂತಿತು, ಮತ್ತೆ ಹೊರಡಲಿಲ್ಲ. ಎಪ್ಪತ್ತೆಂಟರ ಅಜ್ಜಿ ಒಂದೂವರೆ ಗಂಟೆ ಹಿಮದಲ್ಲಿ ಕಾದರು, ಡಯಾಲಿಸಿಸ್ ತಪ್ಪಿತು, ಎರಡು ದಿನಕ್ಕೆ ಶ್ವಾಸಕೋಶದಲ್ಲಿ ನೀರು ತುಂಬಿ ಆಸ್ಪತ್ರೆ ಸೇರಿದರು.

ನನ್ನನ್ನು ಶಾಲೆಯಿಂದ ತೆಗೆಯಲು ಸಭೆ ಸೇರಿತು. ಮೇಷ್ಟ್ರು ಎದ್ದು ನಿಂತರು. "ಆ ಪುಲ್ಲಿ ಹಳೇದು. ಒಳಗಿನ ರಬ್ಬರ್ ಸೋತು ಹೊರಗಿನ ಬಳೆ ಜಾರಿದೆ, ಅದರ ಮೇಲಿರೋ ಗುರುತೇ ಸುಳ್ಳು. ಇವಳು ಅದನ್ನ ನಂಬಿ ಬೆಲ್ಟ್ ಕೂರಿಸಿದ್ಲು. ನಂಗೆ ಅವತ್ತು ಬೆಳಿಗ್ಗೇನೇ ಗೊತ್ತಾಗಿತ್ತು. ಇವಳೇ ಕಂಡುಹಿಡೀಲಿ ಅಂತ ಬಾಯ್ಮುಚ್ಕೊಂಡಿದ್ದೆ. ತೆಗೆಯೋದಾದ್ರೆ ಮೊದಲು ನನ್ನ ತೆಗೀರಿ."

ನಾನು ಉಳಿದೆ, ಅವರ ವಿಭಾಗಾಧ್ಯಕ್ಷ ಪದವಿ ಹೋಯಿತು. ಕೃತಜ್ಞತೆ ಹೇಳುವುದು ಬಿಟ್ಟು ಹೊರಗೆ ನಾನು ಜಗಳಕ್ಕೆ ನಿಂತೆ. "ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ?"

"ತಪ್ಪಾಯ್ತಮ್ಮ" ಎಂದರು.

ಅಂದೇ ಮಧ್ಯಾಹ್ನ ಸ್ಪಾರ್ಕ್ ಪ್ಲಗ್ಗಿನ ತೂತಿನಲ್ಲಿ ತಂಪುಪಾನೀಯ ಹೀರುವ ಉದ್ದನೆಯ ಸ್ಟ್ರಾ ಇಟ್ಟು, ಪಿಸ್ಟನ್ ಏರಿ ನಿಲ್ಲುವ ನಿಜವಾದ ತುದಿಯನ್ನು ತೋರಿಸಿದರು. ಪುಲ್ಲಿಯ ಸುಳ್ಳು ಗುರುತು ಅದಕ್ಕಿಂತ ಎಷ್ಟೋ ಈಚೆಗಿತ್ತು. ಹನ್ನೊಂದು ದಿನಕ್ಕೆ ಮನೆಗೆ ಮರಳಿದ ಅಜ್ಜಿಯನ್ನು ಆ ವಸಂತವಿಡೀ ಮೇಷ್ಟ್ರು ತಮ್ಮ ಕಾರಿನಲ್ಲೇ ಡಯಾಲಿಸಿಸ್‌ಗೆ ಕರೆದೊಯ್ದರು, ಮೊದಲ ದಿನ ನನ್ನನ್ನೂ ಕೂರಿಸಿಕೊಂಡು. ನಾನು ಮುಖ ಎತ್ತಲಾರದೆ ಒದ್ದಾಡುತ್ತಿದ್ದರೆ ಅಜ್ಜಿ, "ನೀನೇನಾ ಆ ಹುಡುಗಿ? ಕಿಟಕಿ ಮುಚ್ಚು, ಚಳಿ" ಎಂದರು.

ಈಗ ಹದಿನಾಲ್ಕು ವರ್ಷಗಳಿಂದ ಅವರ ಪಕ್ಕದ ಕೋಣೆಯಲ್ಲಿ ನಾನೂ ಕಲಿಸುತ್ತಿದ್ದೇನೆ. ವಿದ್ಯಾರ್ಥಿಯ ತಪ್ಪು ಕಂಡಾಗ ಎಷ್ಟು ಹೊತ್ತು ಸುಮ್ಮನಿರಬೇಕೆಂದು ಇಂದಿಗೂ ತಿಳಿಯದೆ ಚಡಪಡಿಸುತ್ತೇನೆ. ಕಳೆದ ವಾರ ಅವರನ್ನೇ ಕೇಳಿದೆ. "ಆ ಗಾಡೀಲಿ ಯಾರು ಕೂರ್ತಾರೆ ಅಂತ ಮೊದಲು ನೋಡು" ಎಂದರು.

ಮೇಷ್ಟ್ರ ಆಯುಸ್ಸು, ಆರೋಗ್ಯ ಹೆಚ್ಚಲಿ. ಹೆಪ್ಪುಗಟ್ಟಿದ ಸರೋವರದ ಮೇಲೆ ಕೂತು ಮೀನು ಹಿಡಿದು ಬೇಸರವಾದಾಗಲೆಲ್ಲ ಶಾಲೆಗೆ ಬರಲಿ, ನನ್ನ ತಪ್ಪು ಕಂಡರೆ ಆ ನಿಮಿಷವೇ ಹೇಳಲಿ. ನಾನು ಜಗಳಕ್ಕೆ ನಿಂತರೂ ಹೇಳಲಿ.