ಗದ್ದದ ಮೇಲಿನ ಹಸಿರು ಚುಕ್ಕೆ

ಮೊದಲ ದಿನ ನಾನು ನಕ್ಕುಬಿಟ್ಟೆ.

ಬೆಳಗಿನ ಹೊತ್ತು. ಇಂಡಿ ಊರಿನ ನಮ್ಮ ಮನೆಯ ಪಡಸಾಲೆಯಲ್ಲಿ ನಾನು ಪಾಠ ಮಾಡಲು ಶಾಲೆಗೆ ಹೊರಟು ನಿಂತಿದ್ದೆ. ಅಕ್ಕ ಕಾಶೀಬಾಯಿ ಎದುರಿಗೆ ಬಂದಳು. ನನ್ನ ಮುಖವನ್ನೇ ನೋಡುತ್ತ ತನ್ನ ಬೈತಲೆ ತಿದ್ದಿಕೊಂಡಳು. ನನ್ನ ಹಣೆ ನೋಡುತ್ತ ತನ್ನ ಹಣೆಗೆ ಕುಂಕುಮ ಇಟ್ಟುಕೊಂಡಳು. ಚೇಷ್ಟೆ ಮಾಡುತ್ತಿದ್ದಾಳೆ ಅಂದುಕೊಂಡು ನಕ್ಕೆ. ಅವಳ ಮುಖ ಬಿಳಿಚಿಕೊಂಡಿತು.

“ನಾ ನಕ್ಕೇ ಇಲ್ಲ. ನೀ ಯಾಕ ನಗಾಕತ್ತಿ?”

ಅವಳು ಕೇಳಿದ್ದು ನನ್ನನ್ನಲ್ಲ, ಕನ್ನಡಿಯನ್ನು. ಅವಳ ಪಾಲಿಗೆ ನಾನೇ ಕನ್ನಡಿಯಾಗಿದ್ದೆ.

ನಾವು ಅವಳಿ. ಅವಳು ಮುಂಚೆ ಹುಟ್ಟಿದವಳು, ಅದಕ್ಕೇ ಅಕ್ಕ. ಯಂಕಂಚಿಯ ತವರಿನಲ್ಲಿ ನಮ್ಮನ್ನು ಹೆತ್ತವ್ವನಿಗೇ ಗುರುತು ಹತ್ತುತ್ತಿರಲಿಲ್ಲ. ಒಮ್ಮೆ ಒಬ್ಬಳಿಗೇ ಎರಡು ಸಲ ಔಡಲೆಣ್ಣೆ ಕುಡಿಸಿದ್ದಳಂತೆ. ಕುಡಿದವಳು ನಾನೇ ಎಂದು ಇಬ್ಬರೂ ಮೊನ್ನೆ ಮೊನ್ನೆಯವರೆಗೂ ಜಗಳಾಡುತ್ತಿದ್ದೆವು. ಆ ಫಜೀತಿಯ ಮೇಲೆಯೇ ಅವ್ವ ಹಚ್ಚೆಯವಳನ್ನು ಕರೆಸಿದ್ದು. ಒಬ್ಬಳ ಗದ್ದಕ್ಕೆ ಹಸಿರು ಚುಕ್ಕೆ ಬಿದ್ದರೆ ಸಾಕಿತ್ತು. ಹಚ್ಚೆಯವಳು ಮೊದಲು ನನ್ನ ರಟ್ಟೆ ಹಿಡಿದಳು. ಸೂಜಿ ಕಂಡು ನಾನು ಚೀರಿದೆ. ಅಕ್ಕ ನಡುವೆ ನುಗ್ಗಿ ತನ್ನ ಗದ್ದ ಮುಂದೆ ಮಾಡಿದಳು.

“ತಂಗಿಗೆ ಬ್ಯಾಡ್ರಿ. ನನಗಷ್ಟ ಹಾಕ್ರಿ.”

ಮುಂದೆ ಒಂದೇ ಹಂದರದಲ್ಲಿ ಅಣ್ಣತಮ್ಮಂದಿರನ್ನು ಮದುವೆಯಾಗಿ ಒಂದೇ ಮನೆ ಸೇರಿದೆವು. ಒಂದೇ ಜೋಳ, ಒಂದೇ ಬಾವಿಯ ನೀರು. ಅಕ್ಕನ ಮೊದಲ ಕೂಸು ಮಾತ್ರ ಜ್ವರದಲ್ಲಿ ಹೋಯಿತು. ಆಮೇಲೆ ಹುಟ್ಟಿದವನು ಮಲ್ಲು.

ಮಲ್ಲುವೇ ಇಬ್ಬರನ್ನೂ ಸೊಲ್ಲಾಪುರಕ್ಕೆ ಕರೆದೊಯ್ದ. ನ್ಯೂರಾಲಜಿ ಡಾಕ್ಟರು ಎಂಆರ್‌ಐ ಫಿಲ್ಮನ್ನು ಬೆಳಕಿಗೆ ಹಿಡಿದರು. ಮಿದುಳು ಸೊರಗಿದೆ ಎಂದರು. ಅಲ್ಝೈಮರ್ ಎಂದರು. ಆಮೇಲೆ ಅವಳಿಗಿಂತ ಹೆಚ್ಚು ಹೊತ್ತು ನನ್ನನ್ನೇ ನೋಡಿದರು.

“ನನಗೂ ಬರತೈತೇನ್ರಿ?” ಎಂದೆ.

“ಹೇಳಾಕ ಬರಂಗಿಲ್ರಿ ಬಾಯಾರ. ನಿಮ್ಮಿಬ್ಬರ ಜೀನ್ಸ್ ಒಂದ. ಆದ್ರ ಅವುಗಳ ಮ್ಯಾಲ ಸಣ್ಣ ಸಣ್ಣ ರಾಸಾಯನಿಕ ಗುರುತು ಬೀಳ್ತಾವ. ಯಾವ ಜೀನ್ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಅನ್ನೋದು ಆ ಗುರುತಿನ ಮ್ಯಾಲ ನಡೀತೈತಿ. ಎಪಿಜೆನೆಟಿಕ್ಸ್ ಅಂತಾರ. ವಯಸ್ಸು, ಜಡ್ಡು, ದುಃಖ, ಬಾಳೇವು ನಡದಂಗ ಒಬ್ಬೊಬ್ಬರೊಳಗ ಒಂದೊಂದು ನಮೂನಿ ಬೀಳ್ತಾವ. ಈ ಜಡ್ಡಿನಾಗ ಮಿದುಳಿನ ಗುರುತೂ ಬದಲಾಗಿರ್ತಾವಂತ. ಅದ ಕಾರಣ ಅಂತ ಇನ್ನೂ ಯಾರೂ ಎದಿ ತಟ್ಟಿ ಹೇಳಿಲ್ಲ.”

ಗುರುತು. ಆ ಮಾತು ಕಿವಿಗೆ ಬಿದ್ದಾಗ ನನ್ನ ಕಣ್ಣು ಅಕ್ಕನ ಗದ್ದದ ಮೇಲೆ ನಿಂತಿತ್ತು.

ಅಂದಿನಿಂದ ಹೆದರಿಕೆಯೂ ಮನೆಯ ಸದಸ್ಯಳಂತಾಯಿತು. ಕೀಲಿಕೈ ಮರೆತರೂ ನನಗೂ ಶುರುವಾಯಿತೇ ಅಂದುಕೊಳ್ಳುತ್ತಿದ್ದೆ. ಪಾಠ ಮಾಡುವಾಗ ಒಂದು ಶಬ್ದ ತಡವರಿಸಿದರೆ ಮನೆಗೆ ಬಂದು ಅದನ್ನೇ ಹತ್ತು ಸಲ ಬರೆಯುತ್ತಿದ್ದೆ. ಅಕ್ಕನನ್ನು ನೋಡುವುದೆಂದರೆ ನನ್ನ ನಾಳೆಯನ್ನು ಎದುರಿಗೆ ಕೂರಿಸಿಕೊಂಡು ಉಣಿಸಿದಂತೆ.

ಅವಳು ಹಿಂದಕ್ಕೆ ಹಿಂದಕ್ಕೆ ಹೋಗುತ್ತಿದ್ದಳು. ಮೊದಲು ಮಲ್ಲುವನ್ನು ಮರೆತಳು, ಆಮೇಲೆ ಮದುವೆಯನ್ನು. ಕೊನೆಗೆ ಹಚ್ಚೆಯನ್ನೂ ಮರೆತಳು. ಅವಳ ಪಾಲಿಗೆ ಅವಳ ಮುಖವೆಂದರೆ ನನ್ನ ಮುಖ, ಚುಕ್ಕೆಯಿಲ್ಲದ್ದು. ಬಚ್ಚಲ ಕನ್ನಡಿಯಲ್ಲಿ ಚುಕ್ಕೆಯ ಹೆಂಗಸು ಕಂಡರೆ ನಡುಗುತ್ತಿದ್ದಳು. “ಇಕಿ ಯಾರವಾ? ಹೊರಗ ಹಾಕ್ರಿ ಇಕಿನ್ನ” ಎಂದು ಗದ್ದ ಉಜ್ಜಿ ಉಜ್ಜಿ ರಕ್ತ ತಂದುಕೊಂಡಳು. ಉಣ್ಣುವುದನ್ನು ಬಿಟ್ಟಳು.

ನಾನು ಕಾಡಿಗೆ ತೆಗೆದು ನನ್ನ ಗದ್ದಕ್ಕೂ ಒಂದು ಚುಕ್ಕೆ ಇಟ್ಟುಕೊಂಡೆ.

ಅವಳು ನನ್ನನ್ನೂ ಕನ್ನಡಿಯನ್ನೂ ಸಾವಕಾಶ ನೋಡಿದಳು. ಎರಡೂ ಕಡೆ ಒಂದೇ ಮುಖ. ಕೈ ಇಳಿಸಿದಳು. ರೊಟ್ಟಿ ಮುರಿದು ತಿಂದಳು. ನನ್ನ ಕಣ್ಣಲ್ಲಿ ನೀರು ಬಂತು. ದಿನಾ ಬೆಳಿಗ್ಗೆ ಅದೇ ರೂಢಿಯಾಯಿತು.

ಒಂದು ಸಂಜೆ ಮಲ್ಲು ಒಳಗೆ ಬಂದವನು ನನ್ನನ್ನು ನೋಡಿ “ಅವ್ವಾ” ಅಂದ. ಹುಟ್ಟಿದಾಗಿನಿಂದ ಅವನಿಗೆ ನಾನು ಚಿಗವ್ವ.

“ಯಾಕೋ ಮಗನ?” ಅಂದೆ.

ಅದು ಅಕ್ಕ ಓಗೊಡುವ ರೀತಿ. ನನ್ನದಲ್ಲ. ಅವನ ಮುಖ ಕಪ್ಪಿಟ್ಟಿತು. ನಾನು ಬಚ್ಚಲಿಗೆ ಹೋಗಿ ಗದ್ದ ತೊಳೆದೆ. ಎಷ್ಟು ತೊಳೆದರೂ ಕಪ್ಪು ಪೂರ್ತಿ ಹೋಗಲಿಲ್ಲ. ನಿಜಕ್ಕೂ ಉಳಿದಿತ್ತೋ, ನನಗಷ್ಟೇ ಕಾಣುತ್ತಿತ್ತೋ, ಗೊತ್ತಿಲ್ಲ.

ಆದರೂ ಮರುದಿನ ಚುಕ್ಕೆ ಇಟ್ಟುಕೊಂಡೇ ಅವಳೆದುರು ಕುಳಿತೆ. ಅವಳು ಉಣ್ಣಬೇಕಲ್ಲ. ಅಂದು ಅವಳು ತಲೆ ಬಾಚಿಕೊಳ್ಳಲಿಲ್ಲ. ನನ್ನನ್ನು ದಿಟ್ಟಿಸಿದಳು. ಹೆಬ್ಬೆರಳಿಗೆ ಉಗುಳು ಹಚ್ಚಿಕೊಂಡು ನನ್ನ ಗದ್ದದ ಕಾಡಿಗೆಯನ್ನು ಒರೆಸಿದಳು. ಆಮೇಲೆ ನನ್ನ ಹೆಗಲ ಹಿಂದೆ ಯಾರನ್ನೋ ನೋಡಿ, ಹುಡುಗಿಯ ದನಿಯಲ್ಲಿ ಹೇಳಿದಳು.

“ತಂಗಿಗೆ ಬ್ಯಾಡ್ರಿ. ನನಗಷ್ಟ ಹಾಕ್ರಿ.”

ತಿರುಗಿ ನೋಡಿದೆ. ಯಾರೂ ಇರಲಿಲ್ಲ.

ಆಮೇಲೆ ನಾನು ಕಾಡಿಗೆ ಮುಟ್ಟಿಲ್ಲ. ಅವಳೂ ಗದ್ದ ಉಜ್ಜಿಕೊಂಡಿಲ್ಲ. ಎರಡು ತುತ್ತು ಉಣ್ಣುತ್ತಾಳೆ, ಅಷ್ಟು ಸಾಕು. ಈ ಜಡ್ಡು ನನಗೂ ಬರಬಹುದು, ಬರದೆಯೂ ಇರಬಹುದು. ಆ ಹೆದರಿಕೆ ಹೋಗಿಲ್ಲ, ಆದರೆ ಈಗ ಅದರ ಜೊತೆ ನಿದ್ದೆ ಹತ್ತುತ್ತದೆ. ಬೆಳಿಗ್ಗೆ ಎದುರಿಗೆ ಕೂರುತ್ತೇನೆ. ಅಕ್ಕ ನನ್ನಲ್ಲಿ ನೋಡಿಕೊಂಡು ಬೈತಲೆ ತಿದ್ದಿಕೊಳ್ಳುತ್ತಾಳೆ. ಅವಳು ನಗುವ ತನಕ ನಾನು ನಗುವುದಿಲ್ಲ.