ಜಾವಳಿಯ ಎರಡೆಕರೆ ನೆರಳು

ಫೆಬ್ರವರಿಯ ಒಂದು ಗುರುವಾರ ಬೆಳಗ್ಗೆ ಆರೂಕಾಲಿಗೆ ಕಡೂರಿನಿಂದ ಹೊರಟೆ. ಚೀಲದಲ್ಲಿ ಎರಡು ಜೊತೆ ಬಟ್ಟೆ, ಒಂದು ನೋಟ್‌ಪುಸ್ತಕ, ನಾನು ವಿಜ್ಞಾನ ಕಲಿಸುವ ಪ್ರೌಢಶಾಲೆಯಿಂದ ಕೇಳಿ ತಂದ ಒಂದು ಉಷ್ಣಮಾಪಕ. ಚಿಕ್ಕಮಗಳೂರಿಗೆ ನಲವತ್ತು ಕಿಲೋಮೀಟರ್, ಅಲ್ಲಿಂದ ಮೂಡಿಗೆರೆಗೆ ಮೂವತ್ತು. ಎರಡೂ ಕಡೆ ಸರ್ಕಾರಿ ಬಸ್ಸು ಸಿಕ್ಕಿತು, ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ದುಡ್ಡಿಲ್ಲ. ಮೂಡಿಗೆರೆಯಿಂದ ಮುಂದೆ ಖಾಸಗಿ ಬಸ್ಸು, ಜಾವಳಿಗೆ ನಲವತ್ತೈದು ರೂಪಾಯಿ. ನಾನು ಆಧಾರ್ ಕಾರ್ಡ್ ತೆಗೆದಿದ್ದನ್ನು ನೋಡಿ ಕಂಡಕ್ಟರ್, "ಅದು ಒಳಗಿಡಿ ಮೇಡಮ್. ನಮ್ಮ ಬಸ್ಸಲ್ಲಿ ಗಾಂಧಿ ಫೋಟೋ ಒಂದೇ ನಡೆಯೋದು" ಎಂದ.

ಕೊಟ್ಟಿಗೆಹಾರದಲ್ಲಿ ಬಸ್ಸು ಹದಿನೈದು ನಿಮಿಷ ನಿಂತಿತು. ಎರಡು ಪ್ಲೇಟ್ ನೀರುದೋಸೆ ತಿಂದೆ. ಹೊರಗೆ ನೆರಳಿನಲ್ಲಿ ಮೂವತ್ತೊಂದು ಡಿಗ್ರಿ ಇತ್ತು, ಆಗಿನ್ನೂ ಹನ್ನೊಂದೂವರೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತ, "ಫೆಬ್ರವರೀಲಿ ನಾವು ಸ್ವೆಟರ್ ಬಿಚ್ತಿರ್ಲಿಲ್ಲ" ಎಂದರು. ಬಿಚ್ಚದ ಸ್ವೆಟರನ್ನು ಅವರು ಎಲ್ಲಿಟ್ಟಿದ್ದಾರೋ ಕೇಳಲಿಲ್ಲ.

ಜಾವಳಿಯಲ್ಲಿ ನಂಜುಂಡ ಮಾವ ಕಾಯುತ್ತಿದ್ದರು. ಅವರು ನನ್ನ ತಾಯಿಯ ತಮ್ಮ. ಇಲ್ಲಿಯ ಒಂದು ಎಸ್ಟೇಟಿನಲ್ಲಿ ಮೂವತ್ತೊಂದು ವರ್ಷದಿಂದ ರೈಟರ್, ಅಂದರೆ ಆಳುಗಳ ಹಾಜರಿಯಿಂದ ಹಿಡಿದು ಮಳೆಯವರೆಗೆ ಎಲ್ಲವನ್ನೂ ಬರೆದಿಡುವವರು. ಮಳೆಯ ಪುಸ್ತಕವನ್ನು ನಕಲು ಮಾಡಿಕೊಳ್ಳಲೆಂದು ನಾನು ಹೋಗಿದ್ದೆ. ನಮ್ಮ ಶಾಲೆಯ ಮಕ್ಕಳು ಮಳೆ ಅಳೆಯಲು ಶುರುಮಾಡಿದ್ದಾರೆ. ಅವರಿಗೊಂದು ಹಳೆಯ ದಾಖಲೆ ಬೇಕಿತ್ತು. ಮಾವ ಮಾತ್ರ ಬಸ್ಸಿಳಿಯುತ್ತಿದ್ದಂತೆಯೇ ಬೇರೆ ಕೆಲಸ ಹೇಳಿದರು.

"ಪುಸ್ತಕ ಎಲ್ಲೂ ಓಡಿಹೋಗಲ್ಲ. ನಾಳೆ, ನಾಡಿದ್ದು ಬೋರರ್ ಎಣಿಸ್ಬೇಕು. ನಾನು ಬರೆದ್ರೆ ಸಾವ್ಕಾರ್ರು ನಂಬ್ತಾರೆ, ಆದ್ರೆ ನಂಗೇ ನನ್ನ ಕೈ ಮೇಲೆ ನಂಬಿಕೆ ಇಲ್ಲ. ನೀನು ಬರಿ ಮಾರಾಯ್ತಿ."

ಬೋರರ್ ಎಂದರೆ ಕಾಫಿಯ ಕಾಂಡ ಕೊರೆಯುವ ಹುಳ. ಅರೇಬಿಕಾ ಗಿಡಕ್ಕೆ ಬರುತ್ತದೆ, ಬಿಸಿಲು ಬಿದ್ದ ಗಿಡವೆಂದರೆ ಅದಕ್ಕೆ ಹೆಚ್ಚು ಇಷ್ಟ. ಒಮ್ಮೆ ಒಳಹೊಕ್ಕರೆ ಔಷಧಿ ತಲುಪುವುದಿಲ್ಲ. ಕೊಯ್ಲು ಮುಗಿದ ಮೇಲೆ ಪ್ರತಿ ಗಿಡದ ಕಾಂಡವನ್ನೂ ಕೈಯಿಂದ ಸವರಿ ನೋಡಿ, ಹುಳ ಹೊಕ್ಕ ಗಿಡಕ್ಕೆ ಕೆಂಪು ಬಟ್ಟೆ ಕಟ್ಟಿ, ಆಮೇಲೆ ಕಿತ್ತು ಸುಡುವುದು ಇಲ್ಲಿಯ ಪದ್ಧತಿ. ಸುಡದಿದ್ದರೆ ಏಪ್ರಿಲ್ ಹೊತ್ತಿಗೆ ದುಂಬಿ ಹೊರಬಂದು ಪಕ್ಕದವರ ತೋಟಕ್ಕೆ ಹಾರುತ್ತದೆ.

ಎಸ್ಟೇಟಿನಲ್ಲಿ ಉಳಿದಿದ್ದು ಎರಡೆಕರೆ ಅರೇಬಿಕಾ ಮಾತ್ರ. ಗಿಡ ಎರಡು ಸಾವಿರದ ನಾನೂರ ಹನ್ನೆರಡು. ಎಸ್ಟೇಟಿನ ಮಾಲೀಕರು, ಕಳಸದಲ್ಲಿ ಅಂಗಡಿ ಇಟ್ಟಿರುವ ಸಾವ್ಕಾರರು, ಒಂದು ಮಾತು ಹೇಳಿ ಕಳಿಸಿದ್ದರು: ಮೂರರಲ್ಲಿ ಒಂದಕ್ಕಿಂತ ಹೆಚ್ಚು ಗಿಡಕ್ಕೆ ಹುಳ ಇದ್ದರೆ ಎಲ್ಲವನ್ನೂ ಕೀಳುವುದು, ಮೇಲೆ ನೆರಳು ಕೊಡುವ ಕಾಡುಮರಗಳನ್ನೂ ಕಡಿಸಿ ಬಯಲು ಮಾಡಿ ಅಡಿಕೆ ಹಾಕುವುದು. ಕಡಿಮೆ ಇದ್ದರೆ ಇನ್ನೂ ಐದು ವರ್ಷ ನೋಡುವುದು. ನಾನು ಲೆಕ್ಕ ಹಾಕಿದೆ. ಗಡಿ ಎಂಟುನೂರ ನಾಲ್ಕು.

ಶುಕ್ರವಾರ ಎಂಟು ಗಂಟೆಗೆ ತೋಟಕ್ಕಿಳಿದೆವು. ನಾಲ್ಕು ಜನ ಹೆಂಗಸರು, ಅವರಲ್ಲಿ ಹಿರಿಯವಳು ಗುಲಾಬಿ. ಇಪ್ಪತ್ತೆರಡು ವರ್ಷದ ಹಿಂದೆ ಇದೇ ಗಿಡಗಳಿಗೆ ಗುಂಡಿ ತೆಗೆದವಳು. ತೆಂಗಿನ ನಾರಿನಿಂದ ಕಾಂಡ ಉಜ್ಜುತ್ತಾಳೆ, ಹೆಬ್ಬೆರಳು ಮೇಲಿನಿಂದ ಕೆಳಗೆ ಎಳೆಯುತ್ತಾಳೆ. ಉಂಗುರದ ಹಾಗೆ ಉಬ್ಬು ಸಿಕ್ಕಿದರೆ "ಉಂಟು" ಎನ್ನುತ್ತಾಳೆ, ಇಲ್ಲದಿದ್ದರೆ "ಇಲ್ಲ". ನಾನು ನಾಲ್ಕು ಗೀಟು ಹಾಕಿ ಐದನೆಯದನ್ನು ಅಡ್ಡ ಎಳೆಯುತ್ತಿದ್ದೆ. ಮಧ್ಯಾಹ್ನ ಒಂದು ಗಂಟೆಗೆ ರಸ್ತೆಯ ಮೇಲೆ ಮೂವತ್ತಮೂರು ಡಿಗ್ರಿ. ತೋಟದ ನಡುವೆ, ಹಲಸು, ನೇರಳೆ, ಅತ್ತಿ ಮರಗಳ ಕೆಳಗೆ ಇಪ್ಪತ್ತೇಳು. ಎರಡು ಸಲ ನೋಡಿ ಬರೆದುಕೊಂಡೆ. ಆದರೆ ಈ ತಂಪು ಎಲ್ಲ ಕಡೆ ಇರಲಿಲ್ಲ. ಪಶ್ಚಿಮದ ಕಡೆ ಮರಗಳ ಕೊಂಬೆ ಮೊಂಡಾಗಿದ್ದವು, ಬಿಸಿಲು ತಟ್ಟೆಯಷ್ಟಗಲ ಬೀಳುತ್ತಿತ್ತು. ಕೆಂಪು ಬಟ್ಟೆ ಹೆಚ್ಚಾಗಿ ಅಲ್ಲಿಯೇ.

ಚಾ ಕುಡಿಯುವಾಗ ಗುಲಾಬಿ ಕೇಳಿದಳು: "ಟೀಚ್ರೇ, ಎಂತಕ್ಕೆ ಹಿಂಗೆ ಕಾಯ್ತದೆ ಈಗ?"

ಪಾಠ ಮಾಡುವ ಹಾಗೆಯೇ ಹೇಳಿದೆ. ಕಲ್ಲಿದ್ದಲು, ಡೀಸೆಲ್, ಪೆಟ್ರೋಲ್ ಸುಟ್ಟ ಹೊಗೆಯಲ್ಲಿರುವ ಅನಿಲ ಆಕಾಶದಲ್ಲಿ ಸೇರಿಕೊಳ್ಳುತ್ತದೆ, ನೆಲದ ಕಾವು ಹೊರಗೆ ಹೋಗಲು ಬಿಡುವುದಿಲ್ಲ, ಕಂಬಳಿಯ ಮೇಲೆ ಕಂಬಳಿ ಹೊದ್ದ ಹಾಗೆ. ಆ ಅನಿಲವನ್ನು ಒಂದಿಷ್ಟು ಕುಡಿದುಕೊಳ್ಳುವುದು ಮರ; ಕಾಡು ಕಡಿದರೆ ಅದೂ ಇಲ್ಲ.

"ನಮ್ಮನೇಲಿ ಸೈಕಲ್ಲೂ ಇಲ್ಲ" ಎಂದಳು ಗುಲಾಬಿ. "ಹೊದಿಸಿದವ್ರು ಯಾರೋ, ಬೆವರೋದು ನಾವು." ಉಳಿದವರು ನಕ್ಕರು. ನಾನು ಬಂದಿದ್ದು ಮೂರು ಬಸ್ಸಿನಲ್ಲಿ ಎಂದು ನೆನಪಾಯಿತು.

ಅಂದು ನೋಡಿದ ಗಿಡ ಸಾವಿರದ ಇನ್ನೂರ ಮೂವತ್ತಾರು, ಹುಳ ಇದ್ದಿದ್ದು ನಾನೂರ ಒಂಬತ್ತು.

ಸಂಜೆ ಮಾವ ಮಳೆಯ ಪುಸ್ತಕ ಕೊಟ್ಟರು. ದಪ್ಪ ರಟ್ಟಿನ ನಾಲ್ಕು ಪುಸ್ತಕ. ಬೇಕಾದ ಪುಟಗಳನ್ನು ನಕಲು ಮಾಡಿಕೊಳ್ಳತೊಡಗಿದೆ. ಇಲ್ಲಿ ಮಳೆಯನ್ನು ಈಗಲೂ ಇಂಚಿನಲ್ಲಿ ಅಳೆಯುತ್ತಾರೆ, ಇಂಚಿನ ನೂರರಲ್ಲಿ ಒಂದು ಪಾಲಿಗೆ ಸೆಂಟು ಎನ್ನುತ್ತಾರೆ. ಪ್ರತಿದಿನ ಬೆಳಗ್ಗೆ ಎಂಟಕ್ಕೆ ಒಂದು ಸಾಲು. ಮಾರ್ಚಿನಲ್ಲಿ ಕಾಫಿ ಹೂ ಬಿಡಿಸುವ ಮಳೆ, ಏಪ್ರಿಲ್ ಎರಡನೇ ವಾರದಲ್ಲಿ ಕಾಯಿ ಕಟ್ಟಿಸುವ ಮಳೆ. ಮೊದಲ ಎರಡು ಪುಸ್ತಕಗಳಲ್ಲಿ ಅವು ಹೇಳಿ ಕಳಿಸಿದ ನೆಂಟರ ಹಾಗೆ ಬಂದಿವೆ. ಮೂರನೆಯದರಲ್ಲಿ ಹಿಂದುಮುಂದಾಗುತ್ತವೆ. ನಾಲ್ಕನೆಯದರಲ್ಲಿ ಒಂದು ಏಪ್ರಿಲ್ ಪುಟದ ಪಕ್ಕ ಪೆನ್ಸಿಲ್ಲಿನಲ್ಲಿ "ಮರಗಸಿ" ಎಂದು ಬರೆದು ಕೆಳಗೆ ಗೆರೆ ಎಳೆದಿತ್ತು. ಮರಗಸಿ ಎಂದರೆ ಗಿಡಗಳಿಗೆ ಬೆಳಕು ಬೀಳಲೆಂದು ನೆರಳಿನ ಮರಗಳ ಕೊಂಬೆ ಸವರುವುದು.

"ಅದು ನನ್ನ ಕೆಲಸ" ಎಂದರು ಮಾವ. "ಆರು ವರ್ಷ ಆಯ್ತು. ಪುಸ್ತಕ ನೋಡ್ದೆ. ಅಷ್ಟೂ ವರ್ಷದ್ದು ಕೂಡಿಸಿ, ಭಾಗಿಸಿ, ಇಂಥಾ ವಾರ ಮಳೆ ಶುರು, ಆಮೇಲೆ ಮೋಡ ಬಿಡಲ್ಲ ಅಂತ ತಾರೀಕು ಹಾಕ್ದೆ. ಪಕ್ಕದ ತೋಟದ ಇಬ್ರಾಹಿಂ ಸಾಹೇಬ್ರು ಹೇಳಿದ್ರು, ಆಕಾಶ ನೋಡಿ ರೈಟ್ರೇ, ಇನ್ನೊಂದ್ವಾರ ತಡೀರಿ ಅಂತ. ನಾನು ನಕ್ಕೆ. ನನ್ಹತ್ರ ಇಪ್ಪತ್ತೈದು ವರ್ಷದ ಲೆಕ್ಕ ಇತ್ತು, ಅವರ ಹತ್ರ ಬರೀ ಕಣ್ಣು. ಪಶ್ಚಿಮದ ಕಡೆಯಿಂದ ಸವರಿಸ್ತಾ ಬಂದೆ. ಒಂದು ಮಳೆ ಬಂತು, ನಿಂತ್ಹೋಯ್ತು. ಜೂನ್ ಮುಗಿಯೋವರೆಗೂ ಹನಿ ಇಲ್ಲ. ಗಿಡ ಎಲ್ಲ ಬಿಸಿಲಲ್ಲಿ ಬತ್ತಲೆ ನಿಂತ್ವು. ಹುಳ ಹಾರೋ ತಿಂಗಳೂ ಅದೇ."

ಆ ಪುಟವನ್ನು ನನ್ನ ಕಡೆ ತಿರುಗಿಸಿ, "ಪುಸ್ತಕದಲ್ಲಿ ಒಂದು ಅಂಕೆಯೂ ತಪ್ಪಿಲ್ಲ, ನೋಡು" ಎಂದರು. ನಾನು ನೋಡಿದೆ. ತಪ್ಪಿರಲಿಲ್ಲ.

ಶನಿವಾರ ಎರಡನೇ ಭಾಗ. ಮೂರು ಗಂಟೆಯ ಹೊತ್ತಿಗೆ ಪಶ್ಚಿಮದ ಕೊನೆಯ ಸಾಲುಗಳಿಗೆ ಬಂದಿದ್ದೆವು. ಗುಲಾಬಿ ನನ್ನ ಪುಸ್ತಕದ ಗೀಟುಗಳನ್ನು ಆಗಾಗ ಬಗ್ಗಿ ನೋಡುತ್ತಿದ್ದಳು. ಓದಲು ಬಾರದಿದ್ದರೂ ಅವಳಿಗೆ ಐದೈದರ ಕಟ್ಟು ಎಣಿಸಲು ಬರುತ್ತದೆ; ಸಾವ್ಕಾರರ ಗಡಿ ಎಷ್ಟೆಂದು ಆಳುಗಳಿಗೆಲ್ಲ ಗೊತ್ತಿತ್ತು. ಒಂದು ಗಿಡ ಸವರಿ "ಇಲ್ಲ" ಎಂದಳು. ಅವಳ ಹೆಬ್ಬೆರಳು ನಡುವೆ ಒಂದು ಕ್ಷಣ ನಿಂತಿದ್ದು ನನಗೆ ಕಂಡಿತು. ಮುಂದಿನದಕ್ಕೂ "ಇಲ್ಲ". ಹೀಗೆ ಆ ಸಾಲಿನಲ್ಲಿ ಹನ್ನೊಂದು ಆದವು. ನಾನು ಹಿಂದೆ ಹೋಗಿ ಕೈಯಿಟ್ಟು ನೋಡಿದೆ, ಎಲ್ಲದರಲ್ಲೂ ಉಬ್ಬು ಇತ್ತು.

"ಅದು ಹುಳ ಅಲ್ಲ ಟೀಚ್ರೇ. ಕತ್ತಿ ತಾಗಿದ ಗಾಯ."

"ಎಲ್ಲ ಗಿಡಕ್ಕೂ ಒಂದೇ ಎತ್ತರದಲ್ಲಿ ಕತ್ತಿ ತಾಗಿದೆಯಾ?"

ಅವಳು ನಾರನ್ನು ಕೊಡವಿದಳು. "ನಿಮಗೆ ಇದು ಗೀಟು. ನಾಳೆ ಬಸ್ ಹತ್ತಿ ಹೋಗ್ತೀರಿ. ಇದನ್ನು ಕಿತ್ತು ಅಡಿಕೆ ಹಾಕಿದ್ರೆ ನಾವು ಬಿಸಿಲಲ್ಲಿ ನಿಂತು ಎಂತ ಮಾಡೋದು? ರೈಟ್ರು ಎಂತ ಆಗ್ತಾರೆ? ಹನ್ನೊಂದು ಗಿಡ. ಬರೀಲೇಬೇಕಾ?"

ನಾನು ಬರೆಯಲಿಲ್ಲ. ಹನ್ನೊಂದು ಗಿಡಕ್ಕೂ "ಇಲ್ಲ" ಎಂದೇ ಗೀಟು ಹಾಕಿದೆ. ಅಂದಿನ ಲೆಕ್ಕ: ನೋಡಿದ್ದು ಸಾವಿರದ ನೂರ ಎಪ್ಪತ್ತಾರು, ಹುಳ ಇದ್ದಿದ್ದು ಮುನ್ನೂರ ಎಂಬತ್ತೆಂಟು. ಎರಡೂ ದಿನ ಸೇರಿ ಏಳುನೂರ ತೊಂಬತ್ತೇಳು.

ಮಾವನಿಗೆ ಹೇಳಿದಾಗ ಅವರು ಎದ್ದು ನಿಂತರು. "ಏಳು ಕಡಿಮೆ" ಎಂದರು. ತಾವೇ ಒಲೆ ಹಚ್ಚಿ ಕಾಫಿ ಮಾಡಿದರು, ಬೆಲ್ಲ ಹೆಚ್ಚಾಗಿತ್ತು. ಪಶ್ಚಿಮದ ಕಡೆ ಹಾಲುವಾಣ ಮರದ ಗೂಟ ನೆಟ್ಟರೆ ಎರಡು ವರ್ಷದಲ್ಲಿ ನೆರಳು ಬರುತ್ತದೆ, ನಡುವೆ ಅತ್ತಿ ಸಸಿ ಇಡಬಹುದು, ಕಿತ್ತ ಜಾಗಕ್ಕೆ ನೆರಳಲ್ಲೇ ಹೊಸ ಗಿಡ ಏಳಿಸಬಹುದು ಎಂದು ಹಾಳೆಯ ಮೇಲೆ ಚುಕ್ಕೆ ಇಡುತ್ತ ಹೋದರು. ಇನ್ನು ಮುಂದೆ ಮರಗಸಿಗೆ ತಾರೀಕು ಹಾಕುವುದಿಲ್ಲ, ಇಬ್ರಾಹಿಂ ಸಾಹೇಬರನ್ನು ಕೇಳುತ್ತೇನೆ ಎಂದರು. ಅವರು ಅಷ್ಟು ಮಾತಾಡಿದ್ದನ್ನು ನಾನು ನೋಡಿರಲಿಲ್ಲ. ನನ್ನ ಕಾಫಿ ಲೋಟದಲ್ಲಿ ಕೆನೆಗಟ್ಟಿತು.

ಭಾನುವಾರ ಬೆಳಗ್ಗೆ ಎಂಟಕ್ಕೆ ಅವರು ಮಳೆಯ ಮಾಪಕ ನೋಡಲು ಹೋದಾಗ ಹಿಂದೆಯೇ ಹೋದೆ. ಏನೂ ಇಲ್ಲವೆಂದು ಗೊತ್ತಿದ್ದೂ ಮುಚ್ಚಳ ತೆಗೆದು ಒಳಗೆ ನೋಡಿ, ಸೊನ್ನೆ ಬರೆದರು. ಆ ಸೊನ್ನೆ ಬರೆಯುವುದನ್ನು ನೋಡಿದ ಮೇಲೆ ಮುಚ್ಚಿಡಲು ನನ್ನಿಂದ ಆಗಲಿಲ್ಲ.

"ಮಾವ, ಹನ್ನೊಂದು ಗಿಡ ಬಿಟ್ಟಿದ್ದೇನೆ. ಎಂಟುನೂರ ಎಂಟು ಅದು."

ಅವರು ಪೆನ್ನಿನ ಮುಚ್ಚಳ ಹಾಕಿದರು.

"ಯಾವ ಸಾಲು?"

ಹೇಳಿದೆ. ಇಬ್ಬರೂ ಹೋಗಿ ಹನ್ನೊಂದು ಗಿಡಕ್ಕೂ ಬಟ್ಟೆ ಕಟ್ಟಿದೆವು. "ಆ ಸಾಲಿನ ಬೇಲಿ ಆಚೆ ಇಬ್ರಾಹಿಂ ಸಾಹೇಬ್ರ ಗಿಡ" ಎಂದಷ್ಟೇ ಹೇಳಿದರು. ದಾರಿಯಲ್ಲಿ ಗುಲಾಬಿ ನೀರಿನ ಕೊಡ ಹಿಡಿದು ಬರುತ್ತಿದ್ದಳು. ಮಾವನ ಕೈಯಲ್ಲಿ ಉಳಿದ ಬಟ್ಟೆಯ ಚೂರುಗಳನ್ನು ನೋಡಿದಳು, ಆಮೇಲೆ ನನ್ನನ್ನು.

"ಆಯ್ತಲ್ಲ ಟೀಚ್ರೇ, ನಿಮ್ಮ ಲೆಕ್ಕ ಸರಿಹೋಯ್ತಲ್ಲ" ಎಂದು ದಾರಿ ಬಿಟ್ಟು ನಿಂತಳು.

ಫೋನಿನಲ್ಲಿ ಹೇಳುವ ಸುದ್ದಿಯಲ್ಲವೆಂದು ಮಾವ ಕಳಸಕ್ಕೆ ಹೊರಟರು, ನಾನೂ ಚೀಲ ಹಿಡಿದು ಹೋದೆ. ಬಸ್ಸು ಒಂದು ಗಂಟೆಗೂ ಹೆಚ್ಚು ಹೊತ್ತು ತೆಗೆದುಕೊಂಡಿತು. ಭಾನುವಾರವಾದ್ದರಿಂದ ಎದುರಿಗೆ ಪ್ರವಾಸಿಗರ ಕಾರುಗಳು. ನೂರ ಹದಿನಾಲ್ಕರವರೆಗೆ ಎಣಿಸಿ ಬಿಟ್ಟೆ. ಭದ್ರೆಯಲ್ಲಿ ಬಂಡೆಗಳ ಬೆನ್ನು ಆಗಲೇ ಕಾಣುತ್ತಿತ್ತು.

ಸಾವ್ಕಾರರು ಹಣೆಗೆ ವಿಭೂತಿ ಹಚ್ಚಿ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದರು. ಮೃದುವಾದ ಮಾತಿನವರು. ನಮಗೆ ಕುರ್ಚಿ ಹಾಕಿಸಿ, ಮಜ್ಜಿಗೆ ತರಿಸಿ, ಆಮೇಲೆ ಲೆಕ್ಕದ ಹಾಳೆ ನೋಡಿದರು.

"ನಾಲ್ಕೇ ಗಿಡ ಹೆಚ್ಚು" ಎಂದರು. "ನೀವು ಎಂಟುನೂರು ಅಂತ ಬರೆದಿದ್ರೂ ನಾನು ನೋಡೋಕೆ ಬರ್ತಿರ್ಲಿಲ್ಲ ನಂಜುಂಡಪ್ಪೋರೇ."

"ಗೊತ್ತು. ಅದಕ್ಕೇ ಸರಿಯಾಗಿ ಬರೆದಿದ್ದು. ಹುಳದ ಗಿಡ ಎಲ್ಲ ಈ ವಾರವೇ ಸುಡಿಸ್ತೀನಿ. ಮರ ಮಾತ್ರ ಬಿಡಿ. ನೆರಳಲ್ಲೇ ಹೊಸ ಗಿಡ ಹಾಕುವ." ಮಾವ ನನ್ನ ಕಡೆ ತಿರುಗಿ, "ಎಷ್ಟು ಬಂತು ನಿನ್ನ ಅಳತೆ, ಹೇಳು" ಎಂದರು. ಹೇಳಿದೆ: ರಸ್ತೆ ಮೂವತ್ತಮೂರು, ಮರದ ಕೆಳಗೆ ಇಪ್ಪತ್ತೇಳು.

ಸಾವ್ಕಾರರು ತಲೆಯಾಡಿಸಿದರು. "ಹೊಸ ಗಿಡ ಫಸಲಿಗೆ ಬರೋಕೆ ನಾಲ್ಕು ವರ್ಷ. ಆಗ ಹೂ ಮಳೆ ಯಾವ ತಿಂಗಳು ಬರ್ತದೆ ಅಂತ ನಿಮ್ಮ ಪುಸ್ತಕ ಹೇಳ್ತದಾ?"

"ಇಲ್ಲ" ಎಂದರು ಮಾವ. "ಇನ್ನು ಅದು ಹೇಳಲ್ಲ. ನೆರಳಿದ್ರೆ ಯಾವಾಗ ಬಂದ್ರೂ ಗಿಡ ತಡ್ಕೊಳ್ತದೆ, ಅಷ್ಟೇ ನಂಗೆ ಗೊತ್ತು."

"ಕಾಫಿಯೇ ಇಲ್ಲದ ಮೇಲೆ ನೆರಳು ಯಾರಿಗೆ?"

ನನ್ನ ಬಳಿ ಉತ್ತರ ಇತ್ತು: ಗುಲಾಬಿಗೆ, ಕೆಳಗಿನ ಗದ್ದೆಯ ಒರತೆಗೆ, ಕಡೂರಿನಲ್ಲಿ ಸುಡುವ ನಮಗೂ. ಹೇಳಿದೆ ಕೂಡ. ಅವರು ಪೂರ್ತಿ ಕೇಳಿಸಿಕೊಂಡರು. "ನೀವು ಹೇಳೋದು ನಿಜ ಅಮ್ಮ" ಎಂದರು. "ಆದರೆ ಎಲ್ಲರಿಗೂ ಬೇಕಾದ ನೆರಳನ್ನ ನಾನೊಬ್ಬ ಎಷ್ಟು ದಿನ ಇಟ್ಕೊಳ್ಲಿ? ಮರ ಕಡಿಯೋಕೆ ಅರ್ಜಿ ಕೊಟ್ಟಾಗಿದೆ." ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು.

ಎರಡೂಕಾಲರ ಬಸ್ಸಿನಲ್ಲಿ ಒಟ್ಟಿಗೆ ಹಿಂದಿರುಗಿದೆವು. ಅರ್ಧ ದಾರಿ ಕಳೆದ ಮೇಲೆ ಕೇಳಿದೆ: "ನಾನು ಹೇಳಬಾರದಿತ್ತಾ ಮಾವ?"

"ಹೇಳ್ಬೇಕಿತ್ತು" ಎಂದರು. ಕಿಟಕಿಯ ಕಡೆ ತಿರುಗಿ, "ನಿನ್ನೆ ಒಂದು ಸಂಜೆ ಸುಖವಾಗಿತ್ತು. ಅದೂ ಇರ್ಲಿ" ಎಂದರು.

ಜಾವಳಿಯಲ್ಲಿ ಅವರು ಇಳಿದುಕೊಂಡರು. ಬಸ್ಸು ಹೊರಡುವವರೆಗೆ ನಿಲ್ಲಲಿಲ್ಲ; ಬೆಳಕಿರುವಾಗಲೇ ಮೊದಲ ಸಾಲು ಕೀಳಿಸಬೇಕೆಂದು ಬೇಗ ಬೇಗ ನಡೆದರು. ನಾನು ಮುಂದೆ ಮೂಡಿಗೆರೆಗೆ ಹೋಗಬೇಕಿತ್ತು. ರಸ್ತೆ ಏರುತ್ತ ಹೋದಾಗ ಎಡಗಡೆ ಗುಡ್ಡದ ಓರೆಯಲ್ಲಿ ಆ ಎರಡೆಕರೆ ಕಂಡಿತು. ಸುತ್ತಲಿನ ತೋಟಗಳ ಸಣಕಲು ಸಿಲ್ವರ್ ಓಕ್‌ಗಳ ನಡುವೆ ಅಲ್ಲಿ ಮಾತ್ರ ಹಸಿರು ಕಪ್ಪಗೆ ದಟ್ಟವಾಗಿತ್ತು. ಗಿಡಗಳನ್ನು ಎಣಿಸಿದ್ದೆವು, ಮರಗಳನ್ನು ಯಾರೂ ಎಣಿಸಿರಲಿಲ್ಲ. ಕಿಟಕಿಯಿಂದ ಕತ್ತು ಹೊರಹಾಕಿ, ಒಂದೊಂದು ನೆತ್ತಿಯನ್ನೂ ಬೆರಳಿನಿಂದ ಹಿಡಿದು ಎಣಿಸತೊಡಗಿದೆ. ನಲವತ್ತೊಂದಕ್ಕೆ ಬಂದಾಗ ಬಸ್ಸು ತಿರುವಿಗೆ ಹೊರಳಿತು.